ಏಳಡಿಯ ಗುಂಡಮ್ಮ: ಸಾಕಬಹುದೇ, ಬಾರದೇ?

ಪ್ರಶ್ನೆ ಒಂದೇ: ದೊಡ್ಡ ಹಾವನ್ನು ಮನೆಯಲ್ಲಿ ಸಾಕುವುದು ಸರಿಯೇ? ಹಾವೂ ಒಂದೇ, ಮೈಸೂರಿನ ಒಂದು ಮನೆಯಲ್ಲಿರುವ ಹೆಣ್ಣು ಬೋವಾ, ಹೆಬ್ಬಾವಿನ ಹಾಗೆ ಬೇಟೆಯನ್ನು ಸುತ್ತಿ ಹಿಡಿಯುವ ಹೊರದೇಶದ ಹಾವು. ತಂದವನು ಅಣ್ಣ. ಅವನು ಹೊರದೇಶಕ್ಕೆ ಹೋಗಿದ್ದಾಗ ಹದಿನಾಲ್ಕು ತಿಂಗಳು ನೋಡಿಕೊಂಡವಳು ತಂಗಿ. ಇಬ್ಬರೂ ಬರೆದಿದ್ದಾರೆ.

ಪರ: ಹೆದರಿಕೆ ಗೊತ್ತಿಲ್ಲದವರದು

ಮನೆಗೆ ಬಂದವರು ಮೊದಲು ಕೇಳುವುದು, "ಕಚ್ಚಲ್ವಾ?" ಆಮೇಲೆ ಕೇಳುವುದು, "ದಿನಕ್ಕೆ ಎಷ್ಟು ಹಾಲು ಕುಡಿಯುತ್ತೆ?" ಹಾಲು ಹಾವಿನ ಆಹಾರವೇ ಅಲ್ಲ, ಅದರ ಹೊಟ್ಟೆಗೆ ಅದು ಒಗ್ಗುವುದೂ ಇಲ್ಲ. ಕಚ್ಚುವುದು ಮಾತ್ರ ನಿಜ. ಏಳು ವರ್ಷದಲ್ಲಿ ಒಂದು ಸಲ ಕಚ್ಚಿದ್ದಾಳೆ. ಇಲಿ ಮುಟ್ಟಿದ ಕೈಯನ್ನು ತೊಳೆಯದೆ ಪೆಟ್ಟಿಗೆಯೊಳಗೆ ಹಾಕಿದ್ದೆ, ಅಷ್ಟೆ. ವಿಷವಿಲ್ಲದ ಹಾವು. ಮೊಣಕೈ ಹತ್ತಿರ ಸೂಜಿ ಚುಚ್ಚಿದಂಥ ಎರಡು ಸಾಲು ಗಾಯ ಆಯಿತು, ಒಂದು ವಾರದಲ್ಲಿ ಮಾಯಿತು. ನಮ್ಮ ಬೀದಿಯ ನಾಯಿ ಕಚ್ಚಿದಾಗ ಐದು ಇಂಜೆಕ್ಷನ್ ತಗೊಂಡಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವಳು ನಮ್ಮ ಕಾಡಿನ ಹೆಬ್ಬಾವಲ್ಲ. ಹೆಬ್ಬಾವು, ನಾಗರಹಾವು, ಕೇರೆ, ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಹೆಬ್ಬಾವು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದಿಟ್ಟುಕೊಂಡರೆ 3ರಿಂದ 7 ವರ್ಷ ಜೈಲು. ಆ ಶಿಕ್ಷೆ ಸರಿಯಾಗಿಯೇ ಇದೆ. ನನ್ನದು ಬೋವಾ ಕನ್‌ಸ್ಟ್ರಿಕ್ಟರ್, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಸಾಕಣೆಯಲ್ಲೇ ಹುಟ್ಟಿದ ಮರಿ. 2018ರಲ್ಲಿ ತಂದಾಗ ಒಂದೂವರೆ ಅಡಿ ಇದ್ದಳು, ಬೆರಳು ದಪ್ಪ. ಹೊರದೇಶದ ಪ್ರಾಣಿ ಸಾಕಿರುವವರು ತಾವಾಗಿಯೇ ಘೋಷಿಸಿಕೊಳ್ಳಿ ಎಂದು ಕೇಂದ್ರ ಸರ್ಕಾರ 2020ರಲ್ಲಿ ಕರೆದಾಗ ಹೋಗಿ ಬರೆಸಿದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2024ರಲ್ಲಿ ನೋಂದಣಿಯ ನಿಯಮಗಳು ಬಂದವು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಮತ್ತೆ ಅರ್ಜಿ ತುಂಬಿದೆ. ಮರಿ ಹಾಕಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ, ಎಲ್ಲವನ್ನೂ ತಿಳಿಸಬೇಕು. ನಮ್ಮ ಸ್ಕೂಟರಿನ ಕಾಗದಪತ್ರ ಇಷ್ಟು ನೀಟಾಗಿಲ್ಲ.

ಈಗ ಏಳಡಿ, ಒಂಬತ್ತು ಕಿಲೋ. ಹೆಸರು ಗುಂಡಮ್ಮ. ಅಮ್ಮ ಇಟ್ಟಿದ್ದು.

ಆರಡಿ ಉದ್ದ, ಮೂರಡಿ ಅಗಲದ ಮರದ ಪೆಟ್ಟಿಗೆ, ಮುಂದೆ ಗಾಜು. ಒಂದು ತುದಿ ಬೆಚ್ಚಗೆ, 31–32 ಡಿಗ್ರಿ. ಇನ್ನೊಂದು ತುದಿ 25–26. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ತಿಂದಾಗ ಬೆಚ್ಚಗಿನ ಕಡೆ ಹೋಗುತ್ತದೆ, ಅರಗಿದ ಮೇಲೆ ತಂಪಿನ ಕಡೆ ಬರುತ್ತದೆ. ಈ ಓಡಾಟಕ್ಕೆ ಅವಕಾಶ ಕೊಟ್ಟರೆ ಸಾಕಣೆಯ ಅರ್ಧ ಕೆಲಸ ಮುಗಿಯಿತು. ಮಲಗುವಷ್ಟು ದೊಡ್ಡ ನೀರಿನ ತೊಟ್ಟಿ, ಅಡಗಿಕೊಳ್ಳಲು ಎರಡು ಗೂಡು. ಪೊರೆ ಬಿಡುವ ಮೊದಲು ಕಣ್ಣು ಹಾಲುನೀಲಿಯಾಗುತ್ತದೆ, ಆಗ ಅವಳಿಗೆ ಸರಿಯಾಗಿ ಕಾಣುವುದಿಲ್ಲ, ಮುಟ್ಟಬಾರದು. ತಿಂಗಳಿಗೊಮ್ಮೆ ಊಟ. ಫ್ರೀಜರಿನಲ್ಲಿಟ್ಟ ದೊಡ್ಡ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡುತ್ತೇನೆ. ಜೀವಂತ ಇಲಿ ಬಿಡುವವರಿದ್ದಾರೆ. ಅದು ಇಲಿಗೂ ಹಿಂಸೆ, ಹಾವಿಗೂ ಅಪಾಯ, ಮೂಲೆಗೆ ಸಿಕ್ಕ ಇಲಿ ಹಾವನ್ನೇ ಕಚ್ಚಿ ಹರಿಯುತ್ತದೆ. ಉಣಿಸಿದ ಮೇಲೆ ಎರಡು ದಿನ ಎತ್ತುವಂತಿಲ್ಲ, ಎತ್ತಿದರೆ ಕಕ್ಕುತ್ತಾಳೆ.

ಎತ್ತುವ ಮೊದಲು ಕೊಕ್ಕೆಯಿಂದ ಮೈಯನ್ನು ಒಮ್ಮೆ ಮೆಲ್ಲಗೆ ಸವರುತ್ತೇನೆ. "ಇದು ಊಟವಲ್ಲ, ನಾನು" ಎಂದು ಹೇಳಿದ ಹಾಗೆ. ಎರಡು ತಿಂಗಳಲ್ಲಿ ಕಲಿತಳು. ಹಾವಿಗೆ ಪ್ರೀತಿ ಇದೆಯಾ ಎಂದು ಕೇಳುತ್ತಾರೆ. ಇಲ್ಲ ಅಂತಲೇ ಅಂದುಕೊಂಡಿದ್ದೇನೆ. ಅವಳು ನನ್ನನ್ನು ಗುರುತಿಸುವುದಕ್ಕಿಂತ ಸಹಿಸಿಕೊಳ್ಳುತ್ತಾಳೆ. ಹೆಗಲ ಮೇಲೆ ಒಂಬತ್ತು ಕಿಲೋ ತೂಕ ನಿಧಾನವಾಗಿ ಸರಿದು ತನ್ನ ಜಾಗ ಹುಡುಕಿಕೊಳ್ಳುತ್ತದಲ್ಲ, ಆ ಸಹನೆಯೇ ನನಗೆ ಸಾಕು.

ಬೋವಾ ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ನಾವೆಲ್ಲ ಓದಿದ್ದು ತಪ್ಪು ಎಂದು 2015ರ ಒಂದು ಸಂಶೋಧನೆ ತೋರಿಸಿತು. ಅದು ಸುತ್ತಿದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತದ ಓಟವೇ ನಿಲ್ಲುತ್ತದೆ. ಅದಕ್ಕೂ ಮೂರು ವರ್ಷ ಮೊದಲು ಅದೇ ತಂಡದವರು ಇನ್ನೊಂದು ಕಂಡುಕೊಂಡಿದ್ದರು. ಸತ್ತ ಇಲಿಯೊಳಗೆ ಕೃತಕ ಎದೆಬಡಿತ ಇಟ್ಟರೆ ಬೋವಾ ಹೆಚ್ಚು ಹೊತ್ತು, ಹೆಚ್ಚು ಬಿಗಿಯಾಗಿ ಹಿಡಿಯಿತು. ಬಡಿತ ನಿಂತದ್ದು ತಿಳಿದ ಮೇಲೆ ಸಡಿಲಿಸಿತು. ಮೈಯಿಂದಲೇ ಇನ್ನೊಂದು ಜೀವದ ನಾಡಿ ಹಿಡಿದು ನೋಡುವ ಪ್ರಾಣಿ! ಇಂಥದ್ದು ನಿಮ್ಮ ಹಾಲ್‌ನಲ್ಲಿ ಮಲಗಿದ್ದರೆ ಟೀವಿ ಬೇಕೇ?

ನಾಯಿ ಸಾಕುವುದು ಸಹಜ, ಹಾವು ಸಾಕುವುದು ಹುಚ್ಚು ಎನ್ನುವವರಿಗೆ ಒಂದು ಪ್ರಶ್ನೆ. ಸೈಬೀರಿಯದ ಹಸ್ಕಿಯನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಕಟ್ಟಿಹಾಕಿ ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸಿಗೆ ಹೋಗುತ್ತೀರಲ್ಲ, ಅದು ಊಳಿಡುವುದು ಯಾರಿಗೆ ಕೇಳಿಸುತ್ತದೆ? ಗುಂಡಮ್ಮ ಕಾಡಿನಲ್ಲಿದ್ದರೂ ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದಳು. ಹೊಂಚು ಹಾಕಿ ಕಾಯುವ ಜಾತಿ ಅವಳದು, ಅಲೆದಾಡುವ ಜಾತಿಯಲ್ಲ.

ಇನ್ನು ನಮ್ಮ ಬೀದಿಯ ವಿಷಯ. ಮೊದಲು ಯಾರ ಕಾಂಪೌಂಡಿನಲ್ಲಿ ಕೇರೆಹಾವು ಕಂಡರೂ ದೊಣ್ಣೆ ಬರುತ್ತಿತ್ತು. ಎದುರು ಮನೆಯ ಅಜ್ಜಿ ಒಂದು ದಿನ ಬಂದು ಗುಂಡಮ್ಮನ ಮೈ ಮುಟ್ಟಿ, "ಲೋಳೆ ಇಲ್ವಲ್ಲೋ, ರೇಷ್ಮೆ ಇದ್ದಂಗಿದೆ" ಎಂದರು. ಈಗ ಹಾವು ಕಂಡರೆ ಸ್ನೇಕ್ ಶ್ಯಾಮ್ ಅವರಿಗೆ ಫೋನು ಮಾಡಿ ಎಂದು ಎಲ್ಲರಿಗಿಂತ ಮೊದಲು ಕೂಗುವವರು ಆ ಅಜ್ಜಿಯೇ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು, ಮರುದಿನ ಹಾವನ್ನು ಹೊಡೆಯುವ ಊರಿನಲ್ಲಿ ಇದೇನು ಕಡಿಮೆಯೇ?

ವಿರೋಧ: ಪೆಟ್ಟಿಗೆಯ ಈ ಕಡೆಯಿಂದ

ಏಳಡಿಯ ಹಾವು. ಆರಡಿಯ ಪೆಟ್ಟಿಗೆ. ಅಣ್ಣ ಎರಡನ್ನೂ ಹೆಮ್ಮೆಯಿಂದ ಬರೆದಿದ್ದಾನೆ, ಕೂಡಿ ಕಳೆದು ನೋಡಿಲ್ಲ. ಗುಂಡಮ್ಮ ತನ್ನ ಮೈಯನ್ನು ನೆಟ್ಟಗೆ ಚಾಚಿ ಎಷ್ಟು ವರ್ಷವಾಯಿತೋ. ಹೊರಗೆ ಬಿಟ್ಟಾಗ ಹಾಲ್‌ನ ಗೋಡೆ ಉದ್ದಕ್ಕೂ ಗೆರೆ ಎಳೆದ ಹಾಗೆ ಮಲಗುತ್ತಾಳೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು.

ನನಗೆ ಹಾವೆಂದರೆ ಹೆದರಿಕೆ ಇಲ್ಲ. ಅವನು ಜರ್ಮನಿಗೆ ಹೋದಾಗ ಎರಡು ಪುಟದ ಸೂಚನೆ ಬರೆದಿಟ್ಟಿದ್ದ, ಎಲ್ಲವೂ ಸರಿಯಾಗಿಯೇ ಇತ್ತು. ಅದರಲ್ಲಿ ಇಲ್ಲದ್ದು ಡಿಸೆಂಬರ್ ತಿಂಗಳು.

ಮೈಸೂರಿನಲ್ಲಿ ಆ ತಿಂಗಳು ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ. ಒಂದು ರಾತ್ರಿ ಪೆಟ್ಟಿಗೆಯ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿತು. ಅದರ ದೀಪ ಮಾತ್ರ ಹೊತ್ತಿಯೇ ಇತ್ತು, ಹಾಗಾಗಿ ನನಗೆ ಗೊತ್ತಾಗಲಿಲ್ಲ. ಎರಡು ರಾತ್ರಿ ಅವಳು ಚಳಿಯಲ್ಲಿ ಬಿದ್ದಿದ್ದಳು. ನಾಲ್ಕೈದು ದಿನ ಬಿಟ್ಟು ಪೆಟ್ಟಿಗೆಯಿಂದ ಸಣ್ಣ ಸಿಳ್ಳೆಯಂಥ ಸದ್ದು. ಆಮೇಲೆ ಬಾಯಿ ಅರ್ಧ ತೆರೆದು, ತಲೆ ಮೇಲೆತ್ತಿ ಉಸಿರಾಡತೊಡಗಿದಳು. ತುಟಿಯಂಚಿನಲ್ಲಿ ಗುಳ್ಳೆ. ಹಾವಿಗೆ ಕೆಮ್ಮಲು ಬರುವುದಿಲ್ಲ. ಶ್ವಾಸಕೋಶದಲ್ಲಿ ಕಫ ಕಟ್ಟಿದರೆ ಹೊರಗೆ ಹಾಕಲು ಅದಕ್ಕೆ ದಾರಿಯೇ ಇಲ್ಲ, ಅದಕ್ಕೇ ತಲೆ ಎತ್ತಿ ಕೂರುತ್ತದೆ.

ಮೂರು ಪಶುವೈದ್ಯರಿಗೆ ಫೋನು ಮಾಡಿದೆ. ಒಬ್ಬರು ನಕ್ಕರು. ಒಬ್ಬರು "ನಾಯಿ, ಬೆಕ್ಕು, ಹಸು, ಅಷ್ಟೇಮ್ಮ" ಎಂದರು. ಮೂರನೆಯವರು ಒಳ್ಳೆಯವರು, ಬೆಂಗಳೂರಿನ ಒಬ್ಬರ ನಂಬರ್ ಕೊಟ್ಟರು. ಗುಂಡಮ್ಮನನ್ನು ದಿಂಬಿನ ಕವರಿಗೆ ಹಾಕಿ, ಕಟ್ಟಿ, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಸುತ್ತಿ ಕಾರಿನಲ್ಲಿ ಹೊರಟೆವು. ಮದ್ದೂರಿನಲ್ಲಿ ಬಾಟಲಿ ತಣ್ಣಗಾಯಿತು. ಹೋಟೆಲಿನವರ ಹತ್ತಿರ ಬಿಸಿನೀರು ಕೇಳಿದಾಗ "ಮಗುಗಾ?" ಎಂದರು. ಹೂಂ ಎಂದೆ.

ಸೆಫ್ಟಾಜಿಡಿಮ್ ಎಂಬ ಔಷಧ, ಮೂರು ದಿನಕ್ಕೊಂದು ಇಂಜೆಕ್ಷನ್, ಏಳು ಸಲ. ಮೈಯ ಮುಂಭಾಗದಲ್ಲೇ ಚುಚ್ಚಬೇಕು, ಹಿಂದೆ ಚುಚ್ಚಿದರೆ ಮದ್ದು ಮೈಗೆ ಹರಡುವ ಮೊದಲೇ ಮೂತ್ರಪಿಂಡಕ್ಕೆ ಹೋಗಬಹುದು ಎಂದರು. ಚುಚ್ಚುವವಳು ನಾನು. ಹಿಡಿಯುವವರು ಯಾರು? ಅರವತ್ತೆರಡು ವರ್ಷದ ಅಮ್ಮ. ಕಾಯಿಲೆಯ ಹಾವಿಗೂ ಬಲ ಕಡಿಮೆ ಇರುವುದಿಲ್ಲ. ಎರಡನೇ ಇಂಜೆಕ್ಷನ್ ದಿನ ಅಮ್ಮನ ಮುಂಗೈಗೆ ಸುತ್ತಿಕೊಂಡಳು. ಬಿಡಿಸುವಷ್ಟರಲ್ಲಿ ಅಮ್ಮನ ಬೆರಳು ನೀಲಿಯಾಗಿತ್ತು. ಬಾಲದ ತುದಿಯಿಂದ ಬಿಡಿಸುತ್ತಾ ಬರಬೇಕು, ತಲೆಯಿಂದ ಎಳೆಯಬಾರದು ಎಂದು ಅಣ್ಣ ವಿಡಿಯೋ ಕಾಲ್‌ನಲ್ಲಿ ಕೂಗುತ್ತಿದ್ದ. ಅವನ ಹಿಂದೆ ಹಿಮ ಬೀಳುತ್ತಿತ್ತು.

ಗುಂಡಮ್ಮ ಬದುಕಿದಳು. ದೊಡ್ಡ ಹಾವಿನ ಹತ್ತಿರ ಇಬ್ಬರಿರಬೇಕು ಎನ್ನುವುದು ಸಾಕುವವರೇ ಒಪ್ಪುವ ನಿಯಮ. ಸರಿ, ಆ ಇನ್ನೊಬ್ಬರು ಯಾರು? ಪ್ರತಿ ಮನೆಯಲ್ಲೂ ಅದು ಸಾಕಲು ಆಸೆಪಟ್ಟವರಲ್ಲ, ಆಸೆಪಟ್ಟವರ ಅಮ್ಮನೋ ತಂಗಿಯೋ ಹೆಂಡತಿಯೋ ಆಗಿರುತ್ತಾರೆ.

ಅಣ್ಣ ಕಾಗದದ ಬಗ್ಗೆ ಹೇಳಿದ್ದಾನೆ. ಅರ್ಧ ಹೇಳಿದ್ದಾನೆ. 2020ರಲ್ಲಿ ಅವಧಿಯೊಳಗೆ ಘೋಷಿಸಿಕೊಂಡವರನ್ನು ಪ್ರಾಣಿ ಎಲ್ಲಿಂದ ಬಂತು ಎಂಬ ದಾಖಲೆ ಕೇಳಲಿಲ್ಲ. ಸಾಕಣೆಯಲ್ಲಿ ಹುಟ್ಟಿದ ಮರಿ ಎಂದು ಮಾರಿದವನು ಹೇಳಿದ್ದು, ಅಣ್ಣ ನಂಬಿದ್ದು, ಅಷ್ಟೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಬ್ಯಾಗು ಬಿಚ್ಚಿದಾಗ 55 ಬಾಲ್ ಪೈಥಾನ್ ಹೆಬ್ಬಾವು, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬನ ಸೂಟ್‌ಕೇಸಿನಲ್ಲಿ ಹತ್ತು ಹಳದಿ ಅನಕೊಂಡ. ಕೊಳ್ಳುವವರಿಲ್ಲದೆ ಯಾರೂ ಅನಕೊಂಡ ಹೊತ್ತು ತರುವುದಿಲ್ಲ, ಅಲ್ವಾ? ನನ್ನ ಅಣ್ಣ ಕಳ್ಳಸಾಗಣೆದಾರನಲ್ಲ. ಆದರೆ ಅವನು ಹಾಕುವ ಪ್ರತಿ ಫೋಟೋದ ಕೆಳಗೆ "ಎಲ್ಲಿ ಸಿಗುತ್ತೆ ಬ್ರೋ, ಎಷ್ಟು?" ಎಂದು ಕೇಳುವವರು ಹತ್ತು ಜನ ಇದ್ದೇ ಇರುತ್ತಾರೆ.

ಒಂದು ದಿನ ಪೆಟ್ಟಿಗೆಯ ಚಿಲಕ ಸರಿಯಾಗಿ ಹಾಕಿರಲಿಲ್ಲ, ತಪ್ಪು ನನ್ನದೇ. ಎರಡು ದಿನ ಅವಳು ಸಿಗಲಿಲ್ಲ. ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಎದುರು ಮನೆ ಅಜ್ಜಿಯ ಮೊಮ್ಮಗುವಿಗೆ ಎರಡು ವರ್ಷ. ಅಮೆರಿಕದ ಫ್ಲಾರಿಡಾದಲ್ಲಿ 2009ರಲ್ಲಿ ಮನೆಯಲ್ಲಿ ಸಾಕಿದ್ದ ಬರ್ಮೀಸ್ ಹೆಬ್ಬಾವೊಂದು ರಾತ್ರಿ ಹೊರಬಂದು ಎರಡು ವರ್ಷದ ಮಗುವನ್ನು ಕೊಂದಿತ್ತು. ಬೋವಾ ಅಷ್ಟು ದೊಡ್ಡದಲ್ಲ ಎಂದು ನನಗೇ ನಾನು ಹೇಳಿಕೊಳ್ಳುತ್ತಾ ಎರಡು ರಾತ್ರಿ ಕೂತಿದ್ದೆ. ಕೊನೆಗೆ ಫ್ರಿಜ್ಜಿನ ಹಿಂದೆ, ಮೋಟರಿನ ಬಿಸಿಗೆ ಮೈ ಒತ್ತಿ ಮಲಗಿದ್ದಳು.

ಸಿಗದೇ ಹೋಗಿದ್ದರೆ? ಫ್ಲಾರಿಡಾದವರನ್ನೇ ಕೇಳಬೇಕು. ಸಾಕಲಾಗದೆ ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೀಡುಬಿಟ್ಟು ಈಗ ದಶಕಗಳಾದವು. 2012ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಲ್ಲಿನ ಸಣ್ಣ ಕಾಡುಪ್ರಾಣಿ ರಕೂನ್‌ಗಳು ಕಾಣಿಸುವುದು ಶೇ 99ರಷ್ಟು ಇಳಿದಿತ್ತು. ಬೇರೆ ದಾರಿ ಕಾಣದೆ 2017ರಲ್ಲಿ ತಮಿಳುನಾಡಿನ ಇರುಳ ಸಮುದಾಯದ ಇಬ್ಬರು ಹಾವು ಹಿಡಿಯುವವರನ್ನು ಅಲ್ಲಿಗೆ ಕರೆಸಿಕೊಂಡರು. ಬೋವಾ ಸಾಧು ಎನ್ನುವವರು ಕೆರಿಬಿಯನ್ ಕಡಲಿನ ಅರೂಬಾ ದ್ವೀಪ ನೋಡಲಿ. 1999ರಲ್ಲಿ ಅಲ್ಲಿ ಮೊದಲು ಕಂಡ ಬೋವಾ ಈಗ ದ್ವೀಪದ ತುಂಬ ಇದೆ. ಜೋಡಿ ಇಲ್ಲದಿದ್ದರೆ ಏನೂ ಆಗಲ್ಲ ಎಂದು ಅಣ್ಣ ಹೇಳುತ್ತಿದ್ದ. ಗಂಡಿನ ಪಾಲೇ ಇಲ್ಲದೆ ಹೆಣ್ಣು ಬೋವಾ ಮರಿ ಹಾಕಿದ್ದು 2010ರಲ್ಲೇ ದಾಖಲಾಗಿದೆ. ಅದನ್ನು ಓದಿದ ಮೇಲೆ ಅವನು ಸುಮ್ನಾದ.

ಹಸ್ಕಿಯ ಮಾತು ನಾನು ಒಪ್ಪುತ್ತೇನೆ. ಹಸ್ಕಿ ಸಾಕುವುದೂ ತಪ್ಪು. ಅದರಿಂದ ಇದು ಸರಿಯಾಗುವುದಿಲ್ಲ.

ಎದುರು ಮನೆಯ ಅಜ್ಜಿ ಬದಲಾದದ್ದೂ ನಿಜ. ಅವರಿಗೆ ಹೆದರಿಕೆ ಹೋಗಿದ್ದಕ್ಕೆ ನನಗೂ ಸಂತೋಷ. ಅದಕ್ಕಾಗಿ ಒಂದು ಜೀವ ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಮಡಚಿಕೊಂಡಿರಬೇಕೇ? ಅಜ್ಜಿಯನ್ನು ಕಾರಂಜಿ ಕೆರೆಯ ಪಕ್ಕದ ಮೃಗಾಲಯಕ್ಕೆ ಕರೆದುಕೊಂಡು ಹೋಗಬಹುದಿತ್ತು, ಅಲ್ಲಿ ಅನಕೊಂಡವೇ ಇದೆ.

ಮೂವತ್ತು ವರ್ಷ ಎಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಚೆನ್ನಾಗಿ ನೋಡಿಕೊಂಡರೆ ಬೋವಾ 25–30 ವರ್ಷ ಬದುಕುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿ ಒಂದು 40 ವರ್ಷ ದಾಟಿತ್ತು. ಅಣ್ಣನಿಗೆ ಈಗ ಮೂವತ್ತೆಂಟು. ಅವನು ವಾಪಸ್ ಬರುವ ಮೊದಲು, ಸೋತು, ಇವಳನ್ನು ಯಾರಾದರೂ ತೆಗೆದುಕೊಳ್ಳುತ್ತಾರಾ ಎಂದು ಎರಡು ಕಡೆ ಕೇಳಿದ್ದೆ. ಇಬ್ಬರೂ ಜಾಗವಿಲ್ಲ ಎಂದರು. ನಾಯಿಯನ್ನಾದರೆ ಚಿಕ್ಕಮ್ಮನ ಮನೆಯಲ್ಲಿ ಬಿಡಬಹುದು.

ಅಣ್ಣ ಈಗ ಮೈಸೂರಿನಲ್ಲೇ ಇದ್ದಾನೆ. ಹೊಸ ಪೆಟ್ಟಿಗೆ ಮಾಡಿಸುತ್ತೇನೆ, ಎಂಟಡಿಯದು, ಎಂದು ಬಡಗಿಗೆ ಹೇಳಿದ್ದಾನೆ. ಆದರೂ ರಾತ್ರಿ ಎದ್ದು ಥರ್ಮೋಸ್ಟಾಟಿನ ಅಂಕಿ ನೋಡಿ, ಕೈಯಿಟ್ಟು ಬಿಸಿ ನೋಡಿ ಮಲಗುವುದು ನಾನೇ, ಅಭ್ಯಾಸ ಬಿಟ್ಟಿಲ್ಲ. ಜೂನ್‌ನಲ್ಲಿ ನನ್ನ ಮದುವೆ, ಹುಬ್ಬಳ್ಳಿಗೆ ಹೋಗುತ್ತೇನೆ. ಆಮೇಲೆ ಆ ಇನ್ನೊಬ್ಬರು ಯಾರು ಎಂದು ಮೊನ್ನೆ ಅವನನ್ನು ಕೇಳಿದೆ.

"ನೋಡೋಣ" ಎಂದ. ಅಮ್ಮ ಅಡುಗೆಮನೆಯಿಂದ ಏನೂ ಹೇಳಲಿಲ್ಲ.