ಕುಂಡದಲ್ಲಿ ಉದುರಿಸಿದರೆ ಮೊಳೆಯದು
ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳನ್ನು ಬೀಜದಿಂದ ಬೆಳೆಸಲು, ತೆಂಗಿನ ನಾರಿನ ಕುಂಡಕ್ಕೆ ಬೀಜ ಉದುರಿಸಿ ದಿನಾ ನೀರು ಹಾಕಿ ಅಂತ ಒಂದು ಲೇಖನದಲ್ಲಿದೆ. ಇದು ನಡೆಯಲ್ಲ. ಹಬೆನೇರಿಯಾ ಎಂಬ ನೆಲದ ಆರ್ಕಿಡ್‌ನ ಬೀಜ ಬರೀ ಧೂಳಿನಂತೆ, ಒಳಗೆ ಆಹಾರವೇ ಇಲ್ಲ. ಆ ಆಹಾರ ಒದಗಿಸಲು ದೊಡ್ಡ ಗಿಡದ ಬೇರಿನಿಂದ ತೆಗೆದ ಶಿಲೀಂಧ್ರವನ್ನು ಬೀಜದ ಜೊತೆ ಬೆಳೆಸಬೇಕು. ಇವೆರಡೂ ಬೆಳೆಯುವ ಮಾಧ್ಯಮಕ್ಕೆ ಲೀಟರ್ ನೀರಿಗೆ 2.5 ಗ್ರಾಂ ಓಟ್ಸ್ ಪುಡಿ, 8 ಗ್ರಾಂ ಅಗರ್ (ನೀರನ್ನು ಗಟ್ಟಿ ಮಾಡುವ ಪುಡಿ) ಹಾಕಿ ಕುಕ್ಕರ್‌ನಲ್ಲಿ 20 ನಿಮಿಷ ಬೇಯಿಸಿ. ಬೀಜ ತೊಳೆಯುವ ಬ್ಲೀಚ್ ಕಡಿಮೆಯಾದರೆ ಬೂಷ್ಟು, ಹೆಚ್ಚಾದರೆ ಭ್ರೂಣವೇ ಸಾಯುತ್ತದೆ. ಆಮೇಲೆ ಕತ್ತಲು, 25 ಡಿಗ್ರಿ. (ಬಳ್ಳಾರಿಯ ಏಪ್ರಿಲ್‌ನಲ್ಲಿ ಎ.ಸಿ. ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.) ಬೀಜ ಮೊಳೆತಾಗ ಮೊದಲು ಬರುವ ಬಿಳಿ ಮಣಿಯಂಥ ಪ್ರೋಟೊಕಾರ್ಮ್ ಎಲೆ ಚಿಗುರಿಸಿದಾಗ ಬೆಳಕಿಗೆ ತನ್ನಿ. ಮಳೆಗಾಲ ಮುಗಿದು ಎಲೆ ಒಣಗಿದರೆ ಸತ್ತಿತೆಂದು ನೀರು ಸುರಿಯುತ್ತಾರೆ, ಗಡ್ಡೆ ಕೊಳೆಯುವುದೇ ಆಗ! ಮುಂಗಾರಿನವರೆಗೆ ಕುಂಡ ಒಣಗಿರಲಿ. ಹೂವಿಗೆ ಮೂರ್ನಾಲ್ಕು ವರ್ಷ ಬೇಕು. ಸಂಡೂರಿನ ಗುಡ್ಡದಿಂದ ಗಡ್ಡೆ ಕೀಳುವುದಂತೂ ಬೇಡವೇ ಬೇಡ. ಒಂದೇ ಕಾಯಲ್ಲಿ ಸಾವಿರಾರು ಬೀಜ ಇರುತ್ತವೆ, ಬೀಜದಿಂದಲೇ ಬೆಳೆಸಿ.