ಡಾರ್ಕ್ ಸೈಡ್ ಆಲ್ಬಂಗೂ ಓಝ್ ಸಿನಿಮಾಗೂ ಗಂಟು ಹಾಕಬೇಡಿ

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರು ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂ ಮಾಡಿದ್ದೇ 1939ರ ‘ದಿ ವಿಝರ್ಡ್ ಆಫ್ ಓಝ್’ ಸಿನಿಮಾಗೆ ತಾಳೆ ಹಾಕಿ ಅನ್ನೋ ಪೋಸ್ಟ್ ಮತ್ತೆ ಓಡಾಡುತ್ತಿದೆ. ಸುಳ್ಳು. ತಂಡದವರೂ ಆಲ್ಬಂನ ಧ್ವನಿಮುದ್ರಣ ಮಾಡಿದ ಎಂಜಿನಿಯರ್ ಅಲನ್ ಪಾರ್ಸನ್ಸ್ ಕೂಡ ಇಲ್ಲ ಅಂದಿದ್ದಾರೆ. ಈ ಮಾತು ಹಬ್ಬಿದ್ದೇ 1990ರ ದಶಕದಲ್ಲಿ, ಮಗುಚದೆ ಒಂದೇ ಸಮ ಓಡುವ ಸಿ.ಡಿ. ಕಾಲದಲ್ಲಿ.

ಬಣ್ಣವಿಲ್ಲದೆ ಶುರುವಾಗುವ ಸಿನಿಮಾಗೆ ಬಣ್ಣ ಬರುವಾಗಲೇ ಆಲ್ಬಂನ ‘ಮನಿ’ ಹಾಡು ಶುರುವಾಗುತ್ತದೆ, ಅದೇ ದೊಡ್ಡ ಸಾಕ್ಷಿಯಂತೆ. ಆದರೆ 1973ರ ಗ್ರಾಮಫೋನ್ ತಟ್ಟೆಯಲ್ಲಿ, ಅಂದರೆ ಎಲ್‌ಪಿಯಲ್ಲಿ ‘ಮನಿ’ ಇರುವುದು ಎರಡನೇ ಬದಿಯ ಮೊದಲಿಗೆ! ಮೊದಲ ಬದಿ ಮುಗಿದು ಮುಳ್ಳು ಕರಕರ ಅನ್ನುವಾಗ ಎದ್ದು ಹೋಗಿ, ರೆಕಾರ್ಡ್ ಮಗುಚಿ, ಮತ್ತೆ ಮುಳ್ಳು ಇಟ್ಟ ಮೇಲೇ ಹಾಡಿನ ಶುರುವಿನ ಆ ಚಿಲ್ಲರೆ ಕಾಸಿನ ಸದ್ದು ಕೇಳುವುದು. ಅಷ್ಟರಲ್ಲಿ ಸಿನಿಮಾ ಮುಂದೆ ಹೋಗಿರುತ್ತದೆ, ಅಲ್ವಾ? ಆಲ್ಬಂ ಇರುವುದೇ ಸುಮಾರು 43 ನಿಮಿಷ, ಸಿನಿಮಾ 100 ನಿಮಿಷಕ್ಕೂ ಜಾಸ್ತಿ.