ಬಂತೇನ್ರಿ?

ಧಾರವಾಡದ ಮಾಳಮಡ್ಡಿಯಲ್ಲಿ ನಾವಿರುವ ಬಾಡಿಗೆ ಮನೆ ಹಳೇ ಕಾಲದ್ದು. ಹಂಚಿನ ಮನೆ, ಗೋಡೆ ಎರಡು ಅಡಿ ದಪ್ಪ. ಮುಂದಿನ ಭಾಗದಲ್ಲಿ ಮನೆ ಮಾಲೀಕರಾದ ಕಾಕಾ ಮತ್ತು ಕಾಕು. ಹಿಂದಿನ ಎರಡು ಖೋಲಿಗಳಲ್ಲಿ ನಾನು, ನನ್ನ ಹೆಂಡತಿ. ಹಿತ್ತಲ ಖೋಲಿಯಲ್ಲಿ ಮೂವರು ಹುಡುಗರು. ಒಬ್ಬ ರೋಣದವನು, ಒಬ್ಬ ಬ್ಯಾಡಗಿಯವನು, ಇನ್ನೊಬ್ಬ ಶಿಗ್ಗಾಂವಿಯವನು. ಮೂವರೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು. ಧಾರವಾಡದಲ್ಲಿ ಹಿತ್ತಲು ಅಂತ ಇದ್ದರೆ ಅಲ್ಲೊಂದು ಖೋಲಿ ಇರುತ್ತದೆ. ಖೋಲಿ ಇದ್ದರೆ ಪರೀಕ್ಷೆಗೆ ಓದುವ ಹುಡುಗರು ಇದ್ದೇ ಇರುತ್ತಾರೆ.

ಇಷ್ಟು ಮಂದಿಗೂ ಇಂಟರ್‌ನೆಟ್ ಲೈನು ಒಂದೇ. ತಿಂಗಳಿಗೆ 600 ರೂಪಾಯಿ, ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ, ಒಟ್ಟು 708. ಮೂರು ಪಾಲು ಮಾಡಿದರೆ ತಲಾ 236. ಇಲ್ಲಿಯವರೆಗೆ ಲೆಕ್ಕ ಚೊಕ್ಕ. ಹುಡುಗರು ತಮ್ಮ 236ನ್ನು ಮತ್ತೆ ಮೂರು ಪಾಲು ಮಾಡುತ್ತಾರೆ. ಆಗ ತಲೆಗೆ 78 ರೂಪಾಯಿ 66 ಪೈಸೆ ಬಂದು ಎರಡು ಪೈಸೆ ಉಳಿಯುತ್ತದೆ. ಅದನ್ನು ಯಾರು ಕೊಡಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಕನೆಕ್ಷನ್ ಇರುವುದು ನನ್ನ ಹೆಸರಿನಲ್ಲಿ. ನಾನು ಮಾಡಿದ ತಪ್ಪು ಅಷ್ಟೇ. ನಾನು ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ವಾರದಲ್ಲಿ ನಾಲ್ಕು ದಿನ ಚಿಗರಿ ಬಸ್ಸು, ಎರಡು ದಿನ ಮನೆಯಿಂದಲೇ ಕೆಲಸ. ವೈರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು, ಬಟ್ಟೆ ಒಣ ಹಾಕಲು ಅದು ಹಗ್ಗಕ್ಕಿಂತ ಗಟ್ಟಿ ಅಂತ ಮಾತ್ರ. ಆದರೆ ಫಾರ್ಮಿಗೆ ಸಹಿ ಹಾಕಿದ ದಿನದಿಂದ ಈ ಮನೆಗೆ ನಾನೇ ಇಂಜಿನಿಯರ್. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುತ್ತದೆ. "ಸರ, ನೆಟ್ ಹೋಗೇತ್ರಿ." ನೆಟ್ ಬಂದಾಗ ಮಾತ್ರ ಯಾರೂ ಬಾಗಿಲು ಬಡಿದು ಹೇಳಿದ್ದಿಲ್ಲ.

ಮೊದಲ ತಕರಾರು ಶಿಗ್ಗಾಂವಿಯವನದು. "ಸರ, 40ರ ಲೈನ್ ಅಂದಿದ್ರಿ. ಡೌನ್‌ಲೋಡ್ ಹಚ್ಚಿದ್ರ 5ರ ಮ್ಯಾಲ ಏರವಲ್ದು." ನಾನು ಎಲ್ಲೋ ಓದಿಕೊಂಡು ಬಂದು ಹೇಳಿದೆ: ಕಂಪನಿಯವರು ಹೇಳುವ 40 ಅಂದರೆ ಮೆಗಾಬಿಟ್, ನಿನ್ನ ಕಂಪ್ಯೂಟರ್ ತೋರಿಸುವ 5 ಅಂದರೆ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎರಡೂ ಒಂದೇ, ಮೋಸ ಇಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ. "ಹಂಗಾರ ನಾನೂ ರೊಕ್ಕಾ ಎಂಟರಿಂದ ಭಾಗಿಸಿ ಕೊಡ್ಲೇನ್ರಿ?"

ಇವೆಲ್ಲ ಸಣ್ಣ ಕೆಮ್ಮು ನೆಗಡಿ. ನಿಜವಾದ ಕಾಯಿಲೆ ಬೇರೆಯೇ ಇತ್ತು. ಕೆಲವು ದಿನ ನೆಟ್ ಕುದುರೆ ಹಾಗೆ ಓಡುತ್ತಿತ್ತು. ಒಂದು ದಿನ ಬೆಳಿಗ್ಗೆ ಎದ್ದರೆ ಸುಮ್ನೆ ಕೂತುಬಿಡುತ್ತಿತ್ತು. ಎರಡು ಮೂರು ದಿನ ಹಾಗೇ ಸತಾಯಿಸಿ, ತಾನಾಗಿಯೇ ಮತ್ತೆ ಸರಿಹೋಗುತ್ತಿತ್ತು. ಸಿಟ್ಟು ಬರುತ್ತಿದ್ದುದು ಅದಕ್ಕಲ್ಲ. ಈ ಕಾಯಿಲೆ ಬರುತ್ತಿದ್ದುದು ಹಿಂದಿನ ಖೋಲಿಗಳಿಗೆ ಮತ್ತು ಹಿತ್ತಲಿಗೆ ಮಾತ್ರ. ಮುಂದೆ ಕಾಕಾನ ಟಿವಿಗೆ ಏನೂ ಆಗುತ್ತಿರಲಿಲ್ಲ. ಕಾಕಾ ಕಾಲೇಜಿನಲ್ಲಿ ಕಾಮರ್ಸ್ ಕಲಿಸಿ ನಿವೃತ್ತರಾದವರು. ಸಂಜೆಯಾದರೆ ಟಿವಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೇ ಕಛೇರಿ ಹಚ್ಚಿ ಆರಾಮ ಕುರ್ಚಿಯಲ್ಲಿ ಒರಗುತ್ತಾರೆ. ನನ್ನ ಆಫೀಸಿನ ಮೀಟಿಂಗಿನಲ್ಲಿ ಚಕ್ರ ಗರಗರ ತಿರುಗುತ್ತಿರುವಾಗ, ಗೋಡೆಯ ಆ ಕಡೆ ಮನ್ಸೂರರ ತಾನ ಎಲ್ಲೂ ಕಡಿಯದೆ ಹರಿದು ಬರುತ್ತಿತ್ತು. ದೂರಿದರೆ ಕಾಕಾ ಅನ್ನುತ್ತಿದ್ದರು: "ತಮ್ಮಾ, ನಮಗ ಛಲೋ ಬರ್ಲಿಕ್ಕತ್ತದಲ್ಲೋ."

ಒಬ್ಬೊಬ್ಬರದು ಒಂದೊಂದು ನಿದಾನ. ಕಾಕು ಮಂಗಗಳ ಮೇಲೆ ಹಾಕಿದರು. ಧಾರವಾಡದಲ್ಲಿ ಏನೇ ಕೆಟ್ಟರೂ ಅರ್ಧ ಅನುಮಾನ ಮಂಗಗಳ ಮೇಲೆ ಹೋಗುತ್ತದೆ, ಅದರಲ್ಲಿ ಅರ್ಧ ನಿಜವೂ ಇರುತ್ತದೆ. "ವಾಯರ್ ಹಿಡದು ಜೋಕಾಲಿ ಆಡ್ತಾವ ಅವು" ಅಂದರು. ನನ್ನ ಹೆಂಡತಿಗೆ ಪಕ್ಕದ ಮನೆಯ ಮಿಕ್ಸರ್ ಮೇಲೆ ಸಂಶಯ. ಬ್ಯಾಡಗಿಯವನು ಶಿಗ್ಗಾಂವಿಯವನ ಕಡೆ ಬೆರಳು ತೋರಿಸಿದ. ಅವನು ರಾತ್ರಿಯೆಲ್ಲ ಗೇಮ್ ಆಡಿ ನೆಟ್ ಕುಡಿದು ಖಾಲಿ ಮಾಡುತ್ತಾನಂತೆ.

ನಾನು ಚಾನೆಲ್ ಬದಲಿಸಲು ಹೊರಟೆ. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಓಣಿಯವರೆಲ್ಲ ಒಂದೇ ಚಾನೆಲ್‌ನಲ್ಲಿ ಕೂತರೆ ಸಂತೆ ಗದ್ದಲ. ಅದನ್ನು ಬದಲಿಸಬೇಕಾದರೆ ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದು, ರೌಟರ್ ಬುಡದ ಚೀಟಿಯಲ್ಲಿರುವ ಪಾಸ್‌ವರ್ಡ್ ಕೊಡಬೇಕು. ರೌಟರ್ ಮಗುಚಿ ನೋಡಿದೆ. ಖಂಡೆ ಪೂಜೆಯ ದಿನ ಕಾಕು ಅದಕ್ಕೂ ನೀರು ಚಿಮುಕಿಸಿ, ಅರಿಶಿನ ಕುಂಕುಮ ಏರಿಸಿದ್ದರು. ಎಲ್ಲಿ ಹಚ್ಚಬೇಕು ಅಂತ ತಿಳಿಯದೆ, ಕಾಗದ ಅಂಟಿಸಿದ ಜಾಗವೇ ಹಣೆ ಅಂದುಕೊಂಡಿರಬೇಕು. ಎಂಟು ಅಕ್ಷರದಲ್ಲಿ ಐದು ಕಾಣುತ್ತಿದ್ದವು. ಉಳಿದ ಮೂರು ಕುಂಕುಮದ ಕೆಳಗೆ. ಒಂದು ಎಂಟೋ, ಬಿಯೋ, ನೋಡಿದರೆ ಖಾತ್ರಿಯಾಗಲಿಲ್ಲ. ಹತ್ತೊಂಬತ್ತನೇ ಸಲಕ್ಕೆ ಒಳಗೆ ಹೋದೆ. ಚಾನೆಲ್ ಬದಲಿಸಿದೆ. ಏನೂ ಬದಲಾಗಲಿಲ್ಲ.

ಕಂಪನಿಗೆ ದೂರು ಕೊಟ್ಟರೆ ಹುಡುಗ ಬರುವುದು ಮೂರನೇ ದಿನವೋ ನಾಲ್ಕನೇ ದಿನವೋ. ಅಷ್ಟರಲ್ಲಿ ನೆಟ್ ತಾನೇ ಸರಿಹೋಗಿರುತ್ತಿತ್ತು. ಅವನು ರೌಟರ್ ಪಕ್ಕದಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ಅಳೆದು ತೋರಿಸುತ್ತಿದ್ದ. "40ಕ್ಕ 40 ಬರಾಕತ್ತೈತಲ್ರಿ ಸರ." ನಾನು ಕೆಟ್ಟದಾಗಿ ಹೋಗಿತ್ತು ಅಂದರೆ, ಡಾಕ್ಟರ ಮುಂದೆ ಹಲ್ಲುನೋವು ನಿಂತವನನ್ನು ನೋಡಿದ ಹಾಗೆ ನೋಡಿ, "ಮತ್ತ ಹೋದ್ರ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಅಂತ ಹೇಳಿ ಹೋಗುತ್ತಿದ್ದ. ನಾಲ್ಕು ಸಲ ಹೀಗೇ ಆಯಿತು. ಐದನೇ ಸಲ ಕರೆಯಲು ನನಗೇ ನಾಚಿಕೆ.

ಸಾಕ್ಷಿ ಬೇಕು ಅಂತ ರೋಣದವನಿಗೆ ಒಂದು ಕೆಲಸ ಹಚ್ಚಿದೆ. ನೆಟ್ ಹೋದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು ಅಂದೆ. ಯಾವ ಕ್ಯಾಲೆಂಡರ್ ಅಂತ ಹೇಳಲಿಲ್ಲ. ಅವನು ಕಾಕು ಅವರದ್ದರಲ್ಲೇ ಬರೆದುಬಿಟ್ಟಿದ್ದ.

ಕಾಕು ಅವರ ಕ್ಯಾಲೆಂಡರ್ ಅಂದರೆ ಮನೆಯ ಕೀರ್ದಿ ಪುಸ್ತಕ. ಹಾಲು ತಪ್ಪಿದ ದಿನಕ್ಕೆ ಸೊನ್ನೆ. ಗ್ಯಾಸ್ ಬಂದ ದಿನಕ್ಕೆ ಗೆರೆ. ನಳ ಬಂದ ದಿನಕ್ಕೆ ‘ನೀ’. ನಮ್ಮ ಓಣಿಗೆ ಸವದತ್ತಿ ಕಡೆಯ ಮಲಪ್ರಭೆ ನೀರು ವಾರಕ್ಕೊಮ್ಮೆ, ಮನಸ್ಸು ಬಂದರೆ ಎಂಟು ದಿನಕ್ಕೊಮ್ಮೆ. ಹಾಗಾಗಿ ತಿಂಗಳಿಗೆ ನಾಲ್ಕು ‘ನೀ’. ಒಂದು ಭಾನುವಾರ ಮುಂದಿನ ಪಡಸಾಲೆಯಿಂದ ಕಾಕು ದನಿ ಕೇಳಿತು. "ಯಾರದು ಇದು, ನನ್ನ ‘ನೀ’ ಬಾಜೂಕ ‘ನೆ’ ಬರದವರು?"

ಹೋಗಿ ನೋಡಿದೆ. ಪ್ರತಿಯೊಂದು ‘ನೀ’ಯ ಪಕ್ಕದಲ್ಲೂ ರೋಣದವನ ದುಂಡು ಅಕ್ಷರದ ‘ನೆ’. ಮರುದಿನವೂ ‘ನೆ’, ಅದರ ಮರುದಿನವೂ ‘ನೆ’. ನಾಲ್ಕನೇ ದಿನ ಖಾಲಿ. ಎರಡು ತಿಂಗಳ ಹಾಳೆ ತಿರುವಿದೆ. ಒಂದೂ ತಪ್ಪಿಲ್ಲ. ನಳ ಬಂದ ದಿನ ನೆಟ್ ಹೋಗುತ್ತಿತ್ತು.

ನಮ್ಮ ರೌಟರ್ ಇರುವುದು ಮುಂದಿನ ಪಡಸಾಲೆಯಿಂದ ಹಿಂದಿನ ಖೋಲಿಗಳಿಗೆ ಹೋಗುವ ಸಂದಿಯಲ್ಲಿ, ಮೊಣಕಾಲಿನ ಎತ್ತರದ ಹಳೇ ದೀಪದ ಮಾಡದೊಳಗೆ. ಇನ್ವರ್ಟರ್ ಪಾಯಿಂಟ್ ಅಲ್ಲೇ ಇದೆ ಅಂತ ಅಲ್ಲಿಟ್ಟದ್ದು. ಅದೇ ಸಂದಿಯಲ್ಲಿ, ಮಾಡದಿಂದ ಹಿತ್ತಲ ಕಡೆಗೆ, ಬಚ್ಚಲ ಬಾಗಿಲವರೆಗೂ 200 ಲೀಟರಿನ ನೀಲಿ ಬ್ಯಾರಲ್ ನಾಲ್ಕು ಸಾಲಾಗಿ ನಿಂತಿವೆ. ಹಂಚಿನ ಮನೆ ನೋಡಿ, ಮೇಲೆ ಟ್ಯಾಂಕ್ ಇಡುವ ಹಾಗಿಲ್ಲ. ಎರಡು ಅಡಿ ಗೋಡೆ ತೂರಿ ಬರುವ ತಾಕತ್ತು ವೈಫೈಗೆ ಇಲ್ಲ. ಅದಕ್ಕೆ ಹಿಂದೆ ಬರಲು ಇರುವ ದಾರಿ ಈ ಸಂದಿ ಒಂದೇ. ಆ ದಾರಿಗೆ ಎಂಟು ದಿನಕ್ಕೊಮ್ಮೆ ನಾವೇ 800 ಲೀಟರ್ ನೀರಿನ ಕಟ್ಟೆ ಕಟ್ಟುತ್ತಿದ್ದೆವು. ನೀರಿಗೆ ಈ ತರಂಗ ಅಂದರೆ ಬಲು ಪ್ರೀತಿ, ಸಿಕ್ಕಷ್ಟನ್ನೂ ಹೀರಿಕೊಳ್ಳುತ್ತದೆ. ಖಾಲಿ ಪ್ಲಾಸ್ಟಿಕ್ ಬ್ಯಾರಲ್ ಏನೂ ಮಾಡುವುದಿಲ್ಲ. ಮೂರು ದಿನ ಸ್ನಾನ, ಪಾತ್ರೆ, ಬಟ್ಟೆ ಆಗಿ ನೀರು ಮಾಡದ ಮಟ್ಟಕ್ಕಿಂತ ಕೆಳಗಿಳಿದರೆ ನೆಟ್ ಹರಿದು ಬರುತ್ತಿತ್ತು. ಕಂಪನಿ ಹುಡುಗ ಬರುತ್ತಿದ್ದುದೂ ಆಗಲೇ.

ಊರಿನ ಕೆಲವು ವಾರ್ಡುಗಳಿಗೆ 2008ರಿಂದಲೇ 24 ತಾಸು ನೀರು ಬರುತ್ತದೆ. ಅಂಥ ಕಡೆ ನನ್ನ ಭಾವನ ಮನೆ ಇದೆ. ಅವನ ನೆಟ್ ಒಂದು ದಿನವೂ ಕೈಕೊಟ್ಟದ್ದಿಲ್ಲ. ಇಷ್ಟು ದಿನ ಅವನ ಕಂಪನಿ ಒಳ್ಳೆಯದು ಅಂದುಕೊಂಡಿದ್ದೆ!

ಪರೀಕ್ಷೆ ಮಾಡಿ ನೋಡೋಣ ಅಂದೆವು. ಮುಂದಿನ ಸಲ ನಳ ಬಂದ ಮರುದಿನ, ನಾಲ್ಕೂ ಬ್ಯಾರಲ್ ತುಂಬಿ ತುಳುಕುತ್ತಿದ್ದವು. ನೀರು ಖಾಲಿ ಮಾಡಿ ನೋಡುವ ಮಾತು ಎತ್ತುವ ಧೈರ್ಯ ಯಾರಿಗೂ ಇಲ್ಲ. ಬ್ಯಾಡಗಿಯವನು ಮಾಡದಿಂದ ರೌಟರ್ ಹೊರಗೆ ತೆಗೆದು, ವೈರ್ ಬಂದಷ್ಟೂ ಮೇಲೆ, ತಲೆಯ ಮೇಲೆ ಎತ್ತಿ ಹಿಡಿದ, ಹನುಮಪ್ಪ ಗುಡ್ಡ ಎತ್ತಿದ ಹಾಗೆ. ಹಿತ್ತಲಿನಿಂದ ರೋಣದವನು ಕೂಗಿದ. "ಬಂತ್ರೀ!" ಕೆಳಗಿಳಿಸಿದ. "ಹೋತ್ರೀ!" ಎತ್ತಿದ. "ಬಂತು, ಬಂತು, ಜೋರ್ ಬಂತು!"

ಐದು ನಿಮಿಷ ಆಗಿರಬೇಕು. ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆ ವೈನಿಯ ತಲೆ ಕಾಣಿಸಿತು. ಸೊಂಟದಲ್ಲಿ ಕೊಡ. "ನಿನ್ನೆನ ಬಂದಿತ್ತಲ್ರಿ, ಇವತ್ತ ಮತ್ತ ಬಂತೇನ್ರಿ?" ಅವರ ಹಿಂದೆ ಇನ್ನಿಬ್ಬರು. ಓಣಿಯಲ್ಲಿ ಯಾರೋ ಆಗಲೇ ಮೋಟರಿಗೆ ಪೈಪ್ ಹಚ್ಚಿದ್ದರು. ನೀರಲ್ಲ, ನೆಟ್ ಬಂದದ್ದು ಅಂತ ನಾನು ಹೇಳಿದಾಗ ಆ ಮೂವರೂ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಖಾಲಿ ಕೊಡ ಹಿಡಿದ ಹೆಂಗಸರ ಮುಂದೆ ಆ ಮಾತು ಆಡಬಾರದಿತ್ತು.

ಕಾಕುಗೆ ಇದನ್ನು ತಿಳಿಸಿ ಹೇಳುವುದು ಇನ್ನೊಂದು ಕಥೆ. "ನೀರಿಗೇನು ಗೊತ್ತೋ ನೆಟ್ಟು?" ಅಂದರು. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ ಹೆಚ್ಚುಕಡಿಮೆ ಇಂಥ ತರಂಗದಿಂದಲೇ, ಅನ್ನದೊಳಗಿನ ನೀರು ಅದನ್ನು ಹೀರುತ್ತದೆ ಅಂತ ವಿವರಿಸಿದೆ. ಕಾಕು ಕಣ್ಣಲ್ಲಿ ಬೆಳಕು ಬಂತು. "ಹಂಗಾರ ಬ್ಯಾರಲ್ ಅಲ್ಲೇ ಇರಲಿ ಬಿಡು. ಚಳಿಗಾಲಕ್ಕ ನೀರರ ಬಿಸಿ ಇರ್ತದ." ರೌಟರಿನ ಶಕ್ತಿ ಒಂದು ವಾಟಿನ ಹತ್ತನೇ ಒಂದು ಪಾಲಿನಷ್ಟು, ಅದರಿಂದ ಒಂದು ತಂಬಿಗೆ ನೀರೂ ಬೆಚ್ಚಗಾಗದು ಅಂದಾಗ ಅವರಿಗೆ ರೌಟರ್ ಬಗ್ಗೆ ಇದ್ದ ಅಲ್ಪ ಗೌರವವೂ ಹೋಯಿತು.

ಬ್ಯಾರಲ್ ಸರಿಯುವುದಿಲ್ಲ ಅಂತ ಗೊತ್ತಾದ ಮೇಲೆ ರೌಟರೇ ಏರಬೇಕಾಯಿತು, ಬಾಗಿಲ ಚೌಕಟ್ಟಿನ ಮೇಲಕ್ಕೆ. ಇಂಜಿನಿಯರ್ ನಾನೇ ಅಲ್ವಾ? ಮೊಳೆ ಹೊಡೆದೆ. ಮೊದಲ ಏಟಿಗೆ ಬೊಗಸೆಯಷ್ಟು ಮಣ್ಣು ಉದುರಿತು. ಎರಡನೇದಕ್ಕೆ ಬುಟ್ಟಿಯಷ್ಟು. ಆಮೇಲೆ ಉಳಿದ ಹಳದಿ ವೈರನ್ನು ಅಂದವಾಗಿ ಮೊಳೆಗೆ ಸುತ್ತಿ, ಮೂಲೆಯಲ್ಲಿ ಚೆನ್ನಾಗಿ ಮಡಚಿ, ಕೆಂಪು ದಾರದಿಂದ ಬಿಗಿದು ಕಟ್ಟಿದೆ. ಕೆಳಗಿಳಿದು ನೋಡಿದರೆ ಹಸಿರು ದೀಪದ ಜಾಗದಲ್ಲಿ ಕೆಂಪು ದೀಪ ಪಿಳಿಪಿಳಿ. ಕಾಕಾ ಕನ್ನಡಕ ಏರಿಸಿ ಅದರ ಕೆಳಗಿನ ಇಂಗ್ಲಿಷ್ ಅಕ್ಷರ ಓದಿದರು. "ಲಾಸ್ ಅಂತ ಬರದದ ನೋಡು. ಲುಕ್ಸಾನು." ಸಿಗ್ನಲ್ ಕಳೆದುಹೋಗಿದೆ ಅನ್ನುವುದಕ್ಕೆ ಅದು ಸಂಕ್ಷೇಪ, ಆದರೆ ಕಾಮರ್ಸ್ ಮಾಸ್ತರರ ಅರ್ಥವೂ ತಪ್ಪಲ್ಲ. ಆ ವೈರಿನೊಳಗೆ ಇರುವುದು ತಾಮ್ರ ಅಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಜಾಸ್ತಿ ಬಗ್ಗಿಸಿದರೆ ಬೆಳಕು ಸೋರಿ ಹೋಗುತ್ತದೆ. ಮಡಚಿದರೆ ಎಳೆಯೇ ಮುರಿಯುತ್ತದೆ. ನಾನು ಎರಡನ್ನೂ ಮಾಡಿ, ಮೇಲೆ ದಾರವನ್ನೂ ಕಟ್ಟಿದ್ದೆ.

ಅವತ್ತು ಮೊದಲ ಸಲ ಮನ್ಸೂರರ ತಾನ ಅರ್ಧಕ್ಕೆ ನಿಂತಿತು. ಹತ್ತೇ ನಿಮಿಷದಲ್ಲಿ ಕಾಕಾ ನಮ್ಮ ಬಾಗಿಲಲ್ಲಿದ್ದರು.

ಐದನೇ ಸಲ ಬಂದ ಕಂಪನಿ ಹುಡುಗ ಈ ಸಲ ಖುಷಿಯಾಗಿದ್ದ. ಕೊನೆಗೂ ಅವನಿಗೆ ಕಣ್ಣಿಗೆ ಕಾಣುವ ರೋಗ ಸಿಕ್ಕಿತ್ತು. ಎಳೆ ಜೋಡಿಸಿ, ಅಂಗೈ ಅಗಲದ ಸುತ್ತು ಸುತ್ತಿ, ನನ್ನ ಕೆಂಪು ದಾರವನ್ನು ಬಿಚ್ಚಿ ನನ್ನ ಕೈಗೇ ಕೊಟ್ಟು ಹೋದ.

ಈಗ ನೆಟ್ ಎಂಟೂ ದಿನ ಒಂದೇ ಸಮ. ನಾನೂ ಹಗುರಾಗಿದ್ದೆ. ಹೋದ ಗುರುವಾರ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ತಲೆಗೆ ಶಾಂಪೂ ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡೇ ಕೈ ಹೊರಗೆ ಚಾಚಿ ಬ್ಯಾರಲ್‌ಗೆ ಚಂಬು ಅದ್ದಿದೆ. ತಳಕ್ಕೆ ಬಡಿದು ಢಣ್ ಅಂತು. ಪಕ್ಕದ್ದೂ ಢಣ್. ನಾಲ್ಕೂ ಖಾಲಿ. ಬಚ್ಚಲಿನಿಂದಲೇ ಕೂಗಿದೆ, ನೀರು ಮುಗಿಯುತ್ತ ಬಂತು ಅಂತ ಯಾರೂ ಹೇಳಲೇ ಇಲ್ಲವಲ್ಲ ಕಾಕೂ ಅಂತ.

"ಹೆಂಗ ಗೊತ್ತಾಗಬೇಕಪಾ?" ಅಂದರು ಕಾಕು ಅಡುಗೆಮನೆಯಿಂದ. "ಮೊದಲೆಲ್ಲಾ ಬ್ಯಾರಲ್ ತುಂಬಿದ್ರ ಹುಡುಗ್ರು ಫೋನ್ ಹಿಡಕೊಂಡು ಮುಂದಿನ ಕಟ್ಟಿ ಮ್ಯಾಲ ಬಂದು ಕೂಡ್ತಿದ್ರು. ಎದ್ದು ಖೋಲಿಗೆ ಹೋದ್ರು ಅಂದ್ರ ನೀರು ಅರ್ಧಕ್ಕ ಬಂತು ಅಂತ ತಿಳೀತಿತ್ತು. ಆಮ್ಯಾಲೆ ನಾ ಬಿಗಿ ಹಿಡಿದು ಖರ್ಚು ಮಾಡ್ತಿದ್ದೆ. ಈಗ ಅವರು ಕಟ್ಟಿಗೆ ಬರೂದ ಇಲ್ಲಲ್ಲ."

ವರ್ಷಗಟ್ಟಲೆ ಅವರಿಗೆ ಇದು ಗೊತ್ತಿತ್ತು! ಶಾಂಪೂ ಕಣ್ಣಿಗೆ ಇಳಿಯುತ್ತಿತ್ತು, ವಾದ ಮಾಡುವ ಹೊತ್ತಲ್ಲ. ಬಾಗಿಲ ಸಂದಿಯಿಂದ ಹೆಂಡತಿಯ ಕೈ ಬಂತು, ಕುಡಿಯುವ ನೀರಿನ ತಾಮ್ರದ ತಂಬಿಗೆ ಹಿಡಿದು. ಅದರ ಹಿಂದೆಯೇ ಕಾಕು ದನಿ.

"ಒಂದ ತಂಬಿಗಿ. ತಲಿಗಷ್ಟ ಹಾಕ್ಕೋ."